ಗಾಯದಲ್ಲಿ ಸಿಕ್ಕಿದ ಕರಿ ಎಳ್ಳು

2009ರಲ್ಲಿ ನಾನು ಡೊಂಬಿವಲಿ ಪೂರ್ವದಲ್ಲಿ ಸ್ವಂತ ಪಶುವೈದ್ಯ ಕ್ಲಿನಿಕ್ ನಡೆಸುತ್ತಿದ್ದೆ. ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಎರಡು ಅಂಗಡಿಗಳ ನಡುವಿನ ಗೋಡೆ ಒಡೆಸಿ ಮಾಡಿಕೊಂಡ ಜಾಗ ಅದು. ಮುಂದಿನ ಕೋಣೆಯಲ್ಲಿ ತಪಾಸಣೆಯ ಸ್ಟೀಲ್ ಮೇಜು. ಹಿಂದಿನ ಕೋಣೆಯಲ್ಲಿ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯ ಸಲಕರಣೆ ಮತ್ತು ನಾಲ್ಕು ಪಂಜರಗಳು. ಸಹಾಯಕ್ಕೆ ಸದಾನಂದ ಎಂಬ ಕಂಪೌಂಡರ್ ಇದ್ದರು. ಹುಬ್ಬಳ್ಳಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಕಚ್ಚಲು ಬರುವ ನಾಯಿಯ ಜೊತೆಗೂ ಹರಟೆ ಹೊಡೆಯುವ ಸ್ವಭಾವ.

ವೃತ್ತಿಯಿಂದ ನಿವೃತ್ತಳಾದ ಮೇಲೆ ಹಲವು ಪ್ರಕರಣಗಳನ್ನು ಬರೆದಿಟ್ಟಿದ್ದೇನೆ. ಇದೊಂದನ್ನು ಬರೆದಿರಲಿಲ್ಲ. ಸಿಟ್ಟಿನಲ್ಲಿ ಬರೆದರೆ ಕಂಡದ್ದಕ್ಕಿಂತ ಹೆಚ್ಚು ಬರೆದುಬಿಡುತ್ತೇನೆ ಎಂಬ ಭಯವಿತ್ತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಆದ್ದರಿಂದ ನಾನೇ ಕಣ್ಣಾರೆ ಕಂಡದ್ದು, ನನ್ನ ಎದುರು ಆಡಿದ ಮಾತು, ಇಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮಳೆಗಾಲ ಶುರುವಾಗಿತ್ತು. ಒಂದು ಬುಧವಾರ ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹಳೆಯ ಸೀರೆಯಲ್ಲಿ ಸುತ್ತಿದ ದೊಡ್ಡ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತರು. ರಿಕ್ಷಾದವರು ಯಾರೂ ಹತ್ತಿಸಿಕೊಳ್ಳದೆ ಆ ಭಾರ ಹೊತ್ತು ನಡೆದೇ ಬಂದಿದ್ದರು. ಹೆಸರು ಜಲಜ, ಕುಂದಾಪುರದ ಕಡೆಯವರು. ನಮ್ಮ ರಸ್ತೆಯ ಕೊನೆಯಲ್ಲಿದ್ದ ಉಡುಪಿ ಹೋಟೆಲಿನಲ್ಲಿ ತರಕಾರಿ ಹೆಚ್ಚುವುದು, ಹಿಟ್ಟು ರುಬ್ಬುವುದು ಅವರ ಕೆಲಸ. ಅವರ ಗಂಡ ಅದೇ ಹೋಟೆಲಿನಲ್ಲಿ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಗಂಡ ಮುಂಬ್ರಾದಲ್ಲಿ ರೈಲು ಹಳಿಯ ಪಕ್ಕ ಸಿಕ್ಕಿದ ಮರಿಯೊಂದನ್ನು ತರಕಾರಿ ಚೀಲದಲ್ಲಿ ತಂದಿದ್ದರು. ಅದೇ ಈ ನಾಯಿ, ಕರಿಯ. ಉಗುರಿನಿಂದ ಮೂಗಿನವರೆಗೆ ಒಂದು ಬಿಳಿ ಕೂದಲೂ ಇಲ್ಲದ ಅಪ್ಪಟ ಕಪ್ಪು.

"ರಿಕ್ಷಾದ ಚಕ್ರಕ್ಕೆ ಸಿಕ್ಕಿದ್ದು ಮೇಡಂ. ಓಡಿಸಿದವ ತಿರುಗಿಯೂ ನೋಡ್ಲಿಲ್ಲ" ಎಂದರು.

ಹಿಂದಿನ ಎಡಗಾಲಿನಲ್ಲಿ ನಾವು 'ಹಾಕ್' ಎಂದು ಕರೆಯುವ ಕೀಲು, ಅಂದರೆ ಮನುಷ್ಯರ ಹಿಮ್ಮಡಿಗೆ ಸಮನಾದ ಜಾಗ, ಡಾಮರಿಗೆ ಉಜ್ಜಿ ಚರ್ಮ ಕಿತ್ತುಹೋಗಿತ್ತು. ಅಂಗೈಯಷ್ಟು ಅಗಲದ ಗಾಯ. ಮೂಳೆ ಮುರಿದಿರಲಿಲ್ಲ. ಆದರೆ ಗಾಯದ ತುಂಬ ಅರಿಸಿನ, ತೆಂಗಿನೆಣ್ಣೆ. ಊರಿನ ಕ್ರಮದಂತೆ ಹಚ್ಚಿ ತಂದಿದ್ದರು. ಅರಿಸಿನದ ಬಗ್ಗೆ ನನ್ನ ತಕರಾರಿಲ್ಲ. ತೆಂಗಿನೆಣ್ಣೆ ನಾಯಿಗೆ ಬಹಳ ರುಚಿ. ಗಾಯಕ್ಕೆ ಅದನ್ನು ಹಚ್ಚುವುದು ಎಂದರೆ ದೋಸೆಗೆ ಬೆಣ್ಣೆ ಹಚ್ಚಿ ಮುಂದಿಟ್ಟಂತೆ. ಕರಿಯ ದಾರಿಯುದ್ದಕ್ಕೂ ಅದನ್ನು ನೆಕ್ಕುತ್ತಲೇ ಬಂದಿದ್ದ.

ನಾಯಿಯ ನಾಲಿಗೆಯಲ್ಲೇ ಮದ್ದಿದೆ ಎಂಬ ಮಾತನ್ನು ನಾನು ಕನ್ನಡ, ಮರಾಠಿ, ಹಿಂದಿ, ತುಳು, ನಾಲ್ಕೂ ಭಾಷೆಗಳಲ್ಲಿ ಕೇಳಿದ್ದೇನೆ. ಜೊಲ್ಲಿನಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಒಂದಿಷ್ಟು ಅಂಶ ಇರುವುದು ನಿಜ. ಆದರೆ ಅದೇ ಬಾಯಿಯಲ್ಲಿ ಕೊಳೆ ಹತ್ತಿಸುವ ಬ್ಯಾಕ್ಟೀರಿಯಾಗಳೂ ಧಾರಾಳವಾಗಿವೆ. ಅದಕ್ಕಿಂತ ದೊಡ್ಡ ತೊಂದರೆ ನಾಲಿಗೆಯದ್ದೇ. ತೆರೆದ ಗಾಯ ಮಾಯುವಾಗ ಮೊದಲು ಅಡಿಯಲ್ಲಿ ಸಣ್ಣ ಸಣ್ಣ ಕೆಂಪು ಹರಳುಗಳಂಥ ಹೊಸ ಮಾಂಸ ಮೂಡುತ್ತದೆ. ಇದಕ್ಕೆ ಗ್ರ್ಯಾನ್ಯುಲೇಷನ್ ಎನ್ನುತ್ತೇವೆ. ಈ ಮಾಂಸ ಎಷ್ಟು ನಾಜೂಕು ಎಂದರೆ ಒರಟು ಹತ್ತಿಯಿಂದ ಒರೆಸಿದರೂ ರಕ್ತ ಬರುತ್ತದೆ. ನಾಯಿಯ ಒರಟು ನಾಲಿಗೆ ಅದರ ಮೇಲೆ ನೂರು ಸಲ ಆಡಿದರೆ ಏನೂ ಉಳಿಯುವುದಿಲ್ಲ. ನೆಕ್ಕಿದಷ್ಟೂ ತುರಿಕೆ, ತುರಿಸಿದಷ್ಟೂ ನೆಕ್ಕುವುದು, ಕೊನೆಗೆ ಹಲ್ಲು.

ಅದಕ್ಕೇ ಇ-ಕಾಲರ್ ಬೇಕು. ಕತ್ತಿನ ಸುತ್ತ ಲಾಳಿಕೆಯಂತೆ ನಿಲ್ಲುವ ಪ್ಲಾಸ್ಟಿಕ್ ತಡೆ ಅದು. ನಾಯಿ ತಿನ್ನಬಹುದು, ಕುಡಿಯಬಹುದು, ಮಲಗಬಹುದು. ಬಾಯಿ ಮಾತ್ರ ಗಾಯವನ್ನು ಮುಟ್ಟುವುದಿಲ್ಲ. ಆಗ ಡೊಂಬಿವಲಿಯಲ್ಲಿ ದೊಡ್ಡ ನಾಯಿಯ ಅಳತೆಯ ಕಾಲರ್ ಬೇಕೆಂದಾಗ ಸಿಗುತ್ತಿರಲಿಲ್ಲ. ಕಲ್ಯಾಣದ ಎಕ್ಸ್-ರೇ ಸೆಂಟರೊಂದು ಬಿಸಾಡುತ್ತಿದ್ದ ಹಳೆಯ ಫಿಲ್ಮುಗಳನ್ನು ಸದಾನಂದ ತಂದಿಟ್ಟಿದ್ದರು. ಎರಡನ್ನು ಸೇರಿಸಿ ಕತ್ತರಿಸಿ, ಅಂಚಿಗೆ ಟೇಪು ಸುತ್ತಿ, ಕತ್ತಿನ ಪಟ್ಟಿಗೆ ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯಿಂದ ಬಿಗಿದು ಕಟ್ಟಿದರು. ಕರಿಯನ ಮುಖದ ಸುತ್ತ ಯಾರದೋ ಪಕ್ಕೆಲುಬುಗಳು ಕಾಣುತ್ತಿದ್ದವು.

"ನೋಡ್ರಿ ಕರಿಯಪ್ಪನವರ, ಮಂದಿ ಸಾವಿರ ರೂಪಾಯಿ ಕೊಟ್ಟು ತೆಗಸ್ತಾರ. ನಿಮಗ ಫುಕಟ್" ಎಂದು ಅವನ ಬೆನ್ನು ತಟ್ಟಿದರು. ಜಲಜ ಅಂದು ಮೊದಲ ಸಲ ನಕ್ಕರು.

ಗಾಯ ತೊಳೆದು, ಸತ್ತ ಚೂರುಗಳನ್ನು ಕತ್ತರಿಸಿ ತೆಗೆದು, ಬ್ಯಾಂಡೇಜು ಕಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಡ್ರೆಸ್ಸಿಂಗಿಗೆ ಬರಬೇಕು ಎಂದೆ. "ಈ ಕಾಲರ್ ತೆಗೆಯಬಾರದು. ಊಟಕ್ಕೂ ತೆಗೆಯಬಾರದು. ಬಟ್ಟಲನ್ನು ಇಟ್ಟಿಗೆ ಮೇಲೆ ಎತ್ತರಕ್ಕಿಡಿ, ತಿನ್ನುತ್ತಾನೆ. ಇದು ಇದ್ದರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಹೇಳಲಾರೆ" ಎಂದೆ. ಎರಡು ಸಲ ಹೇಳಿದೆ. ಅವರೂ ಎರಡು ಸಲ ತಲೆಯಾಡಿಸಿದರು.

ಶುಕ್ರವಾರ ಗಾಯ ಶುದ್ಧವಾಗಿತ್ತು. ಸೋಮವಾರ ಬಂದಾಗ ಬ್ಯಾಂಡೇಜು ನೆನೆದು ಜಾರಿತ್ತು, ಒಳಗೆಲ್ಲ ಕೆದಕಿದ ಗುರುತು. ಮೊದಲ ವಾರ, ಮಳೆ ಬೇರೆ, ಹೀಗಾಗುವುದುಂಟು ಎಂದುಕೊಂಡೆ. ಬುಧವಾರ ಸ್ವಲ್ಪ ಸುಧಾರಣೆ. ಶುಕ್ರವಾರ ಅಂಚಿನಲ್ಲಿ ಕೆಂಪು ಹರಳುಗಳು ಮೂಡಿದ್ದವು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಚೆಂದದ ನೋಟ ಇಲ್ಲ. ಜಲಜರನ್ನು ಕರೆದು ತೋರಿಸಿದೆ. ಮುಂದಿನ ಸೋಮವಾರ ಆ ಹರಳುಗಳು ಇರಲಿಲ್ಲ. ಅವು ಇದ್ದ ಕಡೆ ರಕ್ತ ಒಸರುತ್ತಿತ್ತು.

"ಮೇಡಂ, ಈ ನಾಯಿಗೆ ವೀಕೆಂಡ್ ಐತ್ರಿ" ಎಂದರು ಸದಾನಂದ. "ಸೋಮವಾರದಿಂದ ಶುಕ್ರವಾರದ ತನಕ ಡ್ಯೂಟಿ ಮಾಡ್ತದ. ಶನಿವಾರ, ರವಿವಾರ ಪಾರ್ಟಿ."

ನಾನು ನಗಲಿಲ್ಲ. ಅವರು ತಮಾಷೆಗೆ ಹೇಳಿದ್ದು ನನಗೂ ಕಾಣಿಸಿತ್ತು. ಕಾಲರನ್ನು ಪರೀಕ್ಷಿಸಿದೆ. ಸದಾನಂದ ಯಾವಾಗಲೂ ಸರ್ಜನ್ನರು ಹಾಕುವ ಚಪ್ಪಟೆ ಗಂಟು ಹಾಕುತ್ತಿದ್ದರು. ಈಗ ಇದ್ದದ್ದು ಮೂಟೆ ಕಟ್ಟುವ ಗಂಟು. ನಾಯಿ ಗಂಟನ್ನು ಹರಿಯಬಹುದು, ಬಿಚ್ಚಿಕೊಳ್ಳಲೂಬಹುದು. ಮತ್ತೆ ಕಟ್ಟಿಕೊಳ್ಳಲು ಅದಕ್ಕೆ ಬರುವುದಿಲ್ಲ.

"ಕಾಲರ್ ಯಾರು ತೆಗೆದದ್ದು?" ಎಂದು ಕೇಳಿದೆ.

"ಅದೇ ಕಳಚಿ ಬಿದ್ದದ್ದು ಮೇಡಂ. ನಾನು ವಾಪಸ್ ಕಟ್ಟಿದೆ" ಎಂದರು ಜಲಜ. ನಾಯಿಯ ಕಿವಿ ಸವರುತ್ತ ಹೇಳಿದರು, ನನ್ನ ಮುಖ ನೋಡಲಿಲ್ಲ.

ಅದೇ ವಾರ ಹೋಟೆಲಿನ ಯಜಮಾನ ರಘುರಾಮ ಕ್ಲಿನಿಕ್ಕಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಗಂಧ. ಒಳ್ಳೆಯ ಮಾತಿನ ಮನುಷ್ಯ. ನಾನೂ ಉಡುಪಿ ಕಡೆಯ ಮನೆಯವಳೆಂದು ತಿಳಿದಿದ್ದವರು ಒಂದು ಪೊಟ್ಟಣ ಬಿಸಿ ಗೋಳಿಬಜೆ ತಂದಿದ್ದರು.

"ಡಾಕ್ಟ್ರೇ, ಕರಿಯನಿಗೆ ಎಂತ ಬೇಕೋ ಮಾಡಿ. ಖರ್ಚಿನ ಮಂಡೆಬಿಸಿ ನಿಮಗೆ ಬೇಡ. ಅವ ನಮ್ಮ ಹೋಟೆಲಿನ ಲಕ್ಷ್ಮಿ ಇದ್ದ ಹಾಗೆ."

ನಾಯಿಗಾಗಿ ಹೀಗೆ ಬಂದು ವಿಚಾರಿಸುವ ಯಜಮಾನರು ಅಪರೂಪ. ನನಗೆ ಸಂತೋಷವಾಯಿತು. ಕಾಲರಿನ ವಿಷಯವನ್ನು ಅವರಿಗೂ ವಿವರಿಸಿದೆ. "ಹೌದಾ? ಹಾಗೋ?" ಎನ್ನುತ್ತ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡರು.

ಮೂರನೆಯ ಸೋಮವಾರ ಗಾಯ ತೊಳೆಯುವಾಗ ಒಂದು ಮೂಲೆಯಲ್ಲಿ ಸಣ್ಣ ಕಪ್ಪು ಕಣಗಳು ಕಂಡವು. ಮಳೆಗಾಲದಲ್ಲಿ ನಮ್ಮ ಮೊದಲ ಭಯ ಹುಳದ್ದು. ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲಿ ಗಾಯದ ತುಂಬ ಹುಳ. ಆದರೆ ನೊಣದ ಮೊಟ್ಟೆ ಬಿಳಿ. ಚಿಮಟದಿಂದ ಒಂದು ಕಣವನ್ನು ಎತ್ತಿ ಭೂತಗನ್ನಡಿಯ ಕೆಳಗೆ ಇಟ್ಟೆ. ಒಂದು ತುದಿ ಚೂಪು, ಇನ್ನೊಂದು ತುದಿ ದುಂಡು. ಸದಾನಂದರಿಗೆ ತೋರಿಸಿದೆ.

"ಎಳ್ಳು ಅಲ್ಲೇನ್ರಿ ಇದು? ಕರಿ ಎಳ್ಳು."

ಒಟ್ಟು ಐದಾರು ಕಾಳು ಸಿಕ್ಕವು. ಕಾಲರ್ ಕಟ್ಟಿದ ನಾಯಿಯ ಕಾಲಿನ ಗಾಯಕ್ಕೆ, ಬ್ಯಾಂಡೇಜಿನ ಒಳಗೆ, ಎಳ್ಳು ಹೇಗೆ ಹೋಗುತ್ತದೆ? ಒಂದೇ ದಾರಿ. ಎಳ್ಳು ಹಾಕಿದ ಏನನ್ನೋ ತಿಂದ ಬಾಯಿ ಬ್ಯಾಂಡೇಜನ್ನು ಸರಿಸಿ ಗಾಯವನ್ನು ನೆಕ್ಕಿದೆ. ಜಲಜರತ್ತ ತಿರುಗಿ, "ಶನಿವಾರ ಇವನಿಗೆ ಯಾರು ಏನು ಕೊಡುತ್ತಾರೆ?" ಎಂದು ಕೇಳಿದೆ.

ಅವರು ಸೀರೆಯ ಸೆರಗಿನಿಂದ ನಾಯಿಯ ಹಣೆಯನ್ನು ಒರೆಸಿದರು. ಅಲ್ಲಿ ಎಣ್ಣೆಯ ಜಿಡ್ಡು, ಅದರೊಳಗೆ ಕುಂಕುಮದ ಮಾಸಿದ ಗುರುತು. ಅಷ್ಟು ದಿನ ಅದನ್ನು ಯಾರೋ ಮುದ್ದಿಗೆ ಇಟ್ಟದ್ದು ಎಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಕ್ಲಿನಿಕ್ಕನ್ನು ಸದಾನಂದರಿಗೆ ಬಿಟ್ಟು ಹೋಟೆಲಿಗೆ ನಡೆದೆ. ಎದುರಿನ ಬಾಗಿಲಿನಲ್ಲಿ ಇಡ್ಲಿ ವಡೆಯ ಗಿರಾಕಿಗಳು. ನಾನು ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದೆ. ಅಲ್ಲಿ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಕಂಡದ್ದು ಸಾಲು. ಏಳೆಂಟು ಜನ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಡಬ್ಬಿ. ಡಬ್ಬಿಯಲ್ಲಿ ಸಾಸಿವೆ ಎಣ್ಣೆ ಹಚ್ಚಿ ಕರಿ ಎಳ್ಳು ಉದುರಿಸಿದ ಚಪಾತಿ. ಶನಿಯ ಕಾಟ ಇರುವವರು ಶನಿವಾರ ಕಪ್ಪು ನಾಯಿಗೆ ಎಣ್ಣೆ ಹಚ್ಚಿದ ರೊಟ್ಟಿ ಹಾಕಿದರೆ ಕಾಟ ತಗ್ಗುತ್ತದೆ ಎಂಬ ನಂಬಿಕೆ ಈ ಕಡೆ ಬಲವಾಗಿದೆ. ಒಂದು ಬಿಳಿ ಕೂದಲೂ ಇಲ್ಲದ ನಾಯಿ ಸಿಗುವುದು ಕಷ್ಟ. ಕರಿಯ ಅಂಥ ನಾಯಿ. ಎರಡನೆಯದಾಗಿ ಕಂಡದ್ದು ನಲ್ಲಿಗೆ ನೇತುಹಾಕಿದ್ದ ನಮ್ಮ ಕಾಲರ್. ಎಕ್ಸ್-ರೇಯ ಪಕ್ಕೆಲುಬುಗಳು ಬೆಳಕಿಗೆ ಹೊಳೆಯುತ್ತಿದ್ದವು. ಮೂರನೆಯದಾಗಿ ಕಂಡವನು ಕರಿಯ. ಗೋಣಿಚೀಲದ ಮೇಲೆ ಮಲಗಿದ್ದ. ಎದುರಿಗೆ ಎರಡು ಅರೆತಿಂದ ಚಪಾತಿ. ಹೊಟ್ಟೆ ತುಂಬಿ ಅವನ್ನು ಬಿಟ್ಟಿದ್ದ. ತಲೆ ತಿರುಗಿಸಿ ಗಾಯವನ್ನು ನೆಕ್ಕುತ್ತಿದ್ದ. ಬ್ಯಾಂಡೇಜು ಪಕ್ಕದಲ್ಲಿ ಬಿದ್ದಿತ್ತು. ಸಾಲಿನಲ್ಲಿದ್ದ ಎಲ್ಲರೂ ಅದನ್ನು ನೋಡುತ್ತಿದ್ದರು. ಯಾರೂ ತಡೆಯುತ್ತಿರಲಿಲ್ಲ. ತಮ್ಮ ಸರದಿ ಬರುವುದಕ್ಕೆ ಕಾಯುತ್ತಿದ್ದರು.

ನಾನು ಮುಂದೆ ನುಗ್ಗಿದಾಗ ಮರಾಠಿ ಹೆಂಗಸೊಬ್ಬರು ತಡೆದರು. "ಅಹೋ ಮ್ಯಾಡಂ, ಲೈನ್ ಆಹೇ ನಾ!"

ಸಾಲು ಇದೆ, ಹಿಂದೆ ನಿಲ್ಲಿ ಎಂದು ನನಗೆ ಹೇಳಿದರು. ನಾನೂ ಶನಿಗೆ ಹೆದರಿ ಬಂದವಳೆಂದು ತಿಳಿದಿದ್ದರು. ಕರಿಯನ ತಲೆಯನ್ನು ಹಿಡಿದು ಗಾಯದಿಂದ ಬಿಡಿಸಿದೆ. ಶುಕ್ರವಾರ ನಾನು ಕಟ್ಟಿ ಕಳಿಸಿದ ಹೊಸ ಮಾಂಸವೆಲ್ಲ ಹೋಗಿತ್ತು. ಒಂದು ಕಡೆ ಆಳದಲ್ಲಿ ಬೆಳ್ಳಗೆ ಕಂಡದ್ದು ಮೂಳೆ.

ರಘುರಾಮ ಅಡುಗೆಮನೆಯಿಂದ ಕೈ ಒರೆಸುತ್ತ ಬಂದರು. "ಬನ್ನಿ ಬನ್ನಿ ಡಾಕ್ಟ್ರೇ. ಇಲ್ಲಿ ಎಂತಕ್ಕೆ, ಒಳಗೆ ಕೂತ್ಕೊಳ್ಳಿ, ಕಾಫಿ ಹೇಳ್ತೇನೆ."

"ಕಾಲರ್ ಯಾರು ತೆಗೆದದ್ದು?"

"ತೆಗೆದದ್ದಲ್ಲ ಮಾರಾಯ್ರೆ, ಸ್ವಲ್ಪ ಹೊತ್ತಿಗೆ ಆಚೆ ಇಟ್ಟದ್ದು. ಬಂಧನದಲ್ಲಿರುವ ನಾಯಿಗೆ ಹಾಕಿದ್ರೆ ಅದು ಶನಿದೇವರಿಗೆ ಮುಟ್ಟುದಿಲ್ಲ ಅಂತ ನಮ್ಮ ಜೋಯಿಸರು ಹೇಳಿದ್ದಾರೆ. ನನಗೆ ಈಗ ಏಳೂವರೆ ವರ್ಷದ ಶನಿ ನಡೀತಾ ಉಂಟು. ರಬಾಳೆಯಲ್ಲಿ ಕಂಪನಿ ಗೇಟಿನ ಎದುರು ಹಾಕಿದ ಹೋಟ್ಲು ಮುಚ್ಚಿ ಹೋಯ್ತು. ಈ ಕರಿಯನಿಗೆ ಹಾಕ್ಲಿಕ್ಕೆ ಶುರು ಮಾಡಿದ ಮೇಲೆ ಇಲ್ಲಿಯದ್ದಾದರೂ ನಿಂತದ್ದು. ನಾನೊಬ್ಬನೇ ಪುಣ್ಯ ಕಟ್ಕೊಳ್ಳುದು ಎಂತಕ್ಕೆ ಅಂತ ಬೇರೆಯವರಿಗೂ ಬರ್ಲಿಕ್ಕೆ ಹೇಳಿದೆ."

"ಅವನು ಗಾಯ ನೆಕ್ಕುವುದು ನಿಮಗೆ ಕಾಣಿಸಲಿಲ್ಲವೇ?"

"ಕಾಣ್ತದೆ. ನೆಕ್ಕುದು ಒಳ್ಳೇದೇ ಅಲ್ವಾ? ನಾಯಿ ನಾಲಿಗೆಯಲ್ಲಿ ಮದ್ದುಂಟು ಅಂತಾರೆ."

"ಮದ್ದು ನಾಲಿಗೆಯಲ್ಲಿದ್ದರೆ ನನ್ನ ಹತ್ತಿರ ಯಾಕೆ ಕಳಿಸಿದಿರಿ ರಘುರಾಮರೇ?"

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಕುಂಟುವ ನಾಯಿ ಆಗ್ಬಾರ್ದಲ್ಲ ಡಾಕ್ಟ್ರೇ."

ಆ ಮಾತಿನ ಅರ್ಥ ನನಗೆ ಆಗ ಪೂರ್ತಿ ಆಗಲಿಲ್ಲ. ಚೀಲದಲ್ಲಿದ್ದ ಹೊಸ ಬ್ಯಾಂಡೇಜನ್ನು ಗಾಯಕ್ಕೆ ಸುತ್ತಿ, ನಲ್ಲಿಯಿಂದ ಕಾಲರನ್ನು ತೆಗೆದು ಕರಿಯನ ಕತ್ತಿಗೆ ಕಟ್ಟಿದೆ. ಆ ಮರಾಠಿ ಹೆಂಗಸಿನ ಡಬ್ಬಿಯಿಂದ ಒಂದು ಚಪಾತಿ ಕೇಳಿ ಪಡೆದು, ಮುರಿದು ಕಾಲರಿನ ಒಳಗೆ ಅವನ ಮೂಗಿನ ಮುಂದೆ ಹಿಡಿದೆ. ಹೊಟ್ಟೆ ತುಂಬಿದ್ದರೂ ನನ್ನ ದಾಕ್ಷಿಣ್ಯಕ್ಕೆಂಬಂತೆ ತೆಗೆದುಕೊಂಡು ತಿಂದ.

"ಖಾತೋ ಕೀ!" ಎಂದು ಆ ಹೆಂಗಸು ಆಶ್ಚರ್ಯದಿಂದ ನಕ್ಕರು. ತಿನ್ನುತ್ತಾನಲ್ಲ ಎಂದು. ಅವರ ಹಿಂದೆ ನಿಂತವರೂ ಬಗ್ಗಿ ನೋಡಿದರು. ಒಂದು ಕ್ಷಣ ನಾನು ಗೆದ್ದೆನೆಂದುಕೊಂಡೆ.

"ತಿನ್ನುದು ಬೇರೆ, ಮುಟ್ಟುದು ಬೇರೆ" ಎಂದರು ರಘುರಾಮ.

ಗಾಯ ಮಾಯುವವರೆಗೆ ಅವನನ್ನು ನನ್ನ ಪಂಜರದಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ. ಆಗಬಹುದು, ಶನಿವಾರ ಬೆಳಿಗ್ಗೆ ಮಾತ್ರ ಕಳಿಸಿಕೊಡಿ ಎಂದರು. ಕಳಿಸುವುದಿಲ್ಲ ಎಂದೆ. ಹಾಗಾದರೆ ಬೇಡ, ಆದರೆ ಇನ್ನು ಮುಂದೆ ಕಾಲರ್ ತೆಗೆಯುವುದಿಲ್ಲ ಎಂದು ಕೈಮುಗಿದು ಮಾತು ಕೊಟ್ಟರು. ನಾಯಿ ಇದ್ದದ್ದು ಅವರ ಹಿತ್ತಲಲ್ಲಿ, ಖರ್ಚು ಕೊಡುತ್ತಿದ್ದವರೂ ಅವರೇ. ಯಜಮಾನನ ಒಪ್ಪಿಗೆಯಿಲ್ಲದೆ ಪ್ರಾಣಿಯನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಪಶುವೈದ್ಯಳಿಗೆ ಇಲ್ಲ. ನಾನು ಹೊರಟೆ. ಅಡುಗೆಮನೆಯ ಬಾಗಿಲಲ್ಲಿ ಜಲಜ ಒಂದು ಬುಟ್ಟಿ ಎಲೆಕೋಸು ಹಿಡಿದು ನಿಂತಿದ್ದರು.

ಸೋಮವಾರ ಅವರೊಬ್ಬರೇ ನಾಯಿಯನ್ನು ತಂದರು. ಕಾಲರಿನ ಗಂಟು ಮತ್ತೆ ಮೂಟೆಯ ಗಂಟು. ಗಾಯದಲ್ಲಿ ಎಳ್ಳು ಇತ್ತು. ಕೀವಿನ ವಾಸನೆಯೂ ಇತ್ತು.

"ಸುಳ್ಳು ಹೇಳಿದೆ ಮೇಡಂ" ಎಂದರು ಜಲಜ. ಕೇಳದೆಯೇ ಹೇಳಿದರು. "ಪ್ರತಿ ಶನಿವಾರ ನಾನೇ ವಾಪಸ್ ಕಟ್ಟುದು. ಸೇಟ್ ಕೊಟ್ಟ ಖೋಲಿಯಲ್ಲಿ ಇದ್ದೇನೆ. ನಮ್ಮನೆಯವರು ತೀರಿಹೋದ ಮೇಲೂ ಖಾಲಿ ಮಾಡು ಅಂತ ಒಂದು ದಿನ ಹೇಳ್ಲಿಲ್ಲ. ಅವರ ಮೇಲೆ ನಿಮ್ಮ ಹತ್ರ ದೂರು ಹೇಳಿ, ಮತ್ತೆ ಈ ನಾಯಿಯನ್ನು ಕಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟೆಲ್ಲ ಹಿತ್ತಲಿನಲ್ಲೇ ಉಳಿದಿತ್ತು. ಕರಿಯನಿಗೆ ಜ್ವರವಿತ್ತು. ಥಾಣೆ ನಗರದಲ್ಲಿ ಪ್ರಾಣಿಗಳಿಗಾಗಿಯೇ ಇದ್ದ ದೊಡ್ಡ ಆಸ್ಪತ್ರೆಯೊಂದಕ್ಕೆ ಎಕ್ಸ್-ರೇಗೆ ಕಳಿಸಬೇಕು ಎಂದೆ. ಹೋಟೆಲಿಗೆ ತರಕಾರಿ ತರುವ ಟೆಂಪೋದಲ್ಲಿ ಹೋದೆವು. ಮುಂದೆ ಡ್ರೈವರ್ ಮತ್ತು ರಘುರಾಮ, ಹಿಂದೆ ಖಾಲಿ ಕ್ರೇಟುಗಳ ನಡುವೆ ನಾನು, ಜಲಜ, ಕರಿಯ. ಅವನು ದಾರಿಯುದ್ದಕ್ಕೂ ಜಲಜರ ಮಡಿಲಿನ ಮೇಲೆ ತಲೆಯಿಟ್ಟಿದ್ದ. ಕಾಲರಿನ ಅಂಚು ಅವರ ಗಲ್ಲಕ್ಕೆ ಒತ್ತುತ್ತಿತ್ತು. ಅವರು ಸರಿಸಲಿಲ್ಲ.

ಕೊಳೆ ಮೂಳೆಯ ಒಳಗೆ ಇಳಿದಿತ್ತು. ಇದಕ್ಕೆ ಆಸ್ಟಿಯೋಮೈಲೈಟಿಸ್ ಎನ್ನುತ್ತೇವೆ. ಮೂಳೆಯೊಳಗೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಕೊಳೆ ಅಲ್ಲಿಂದ ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಅಪಾಯ. ಕೀಲಿನ ಒಂದು ಭಾಗ ಆಗಲೇ ಸವೆದಿತ್ತು. ಅಲ್ಲಿಯ ಸರ್ಜನ್ ಫಿಲ್ಮನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಕಾಲು ತೆಗೆಯಬೇಕು, ಇಲ್ಲವಾದರೆ ನಾಯಿ ಉಳಿಯುವುದಿಲ್ಲ.

ರಘುರಾಮರಿಗೆ ಇದನ್ನು ಹೇಳಿದೆ. ಅವರ ಮುಖ ಬಿಳಿಚಿತು. ಅದು ನಾಟಕವಲ್ಲ, ನಿಜವಾಗಿಯೇ ಬಿಳಿಚಿತು. "ಬೇರೆ ಉಪಾಯ ಇಲ್ವಾ?" ಎಂದರು. ಇಲ್ಲ ಎಂದೆ. "ಒಂದು ನಿಮಿಷ" ಎಂದು ಹೊರಗೆ ವರಾಂಡಕ್ಕೆ ಹೋಗಿ ಮೊಬೈಲಿನಲ್ಲಿ ಮಾತಾಡಿದರು. ಬಾಗಿಲು ತೆರೆದಿತ್ತು. ಹೆಂಡತಿಗೋ ಮಗನಿಗೋ ಹೇಳುತ್ತಿರಬಹುದು ಎಂದುಕೊಂಡೆ.

"ಜೋಯಿಸರೇ, ಮೂರು ಕಾಲಿನದ್ದಾದರೆ ಆಗ್ತದಾ?" ಎಂದು ಅವರು ಕೇಳಿದ್ದು ನನ್ನ ಕಿವಿಗೆ ಬಿತ್ತು. ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. "ಹೌದು, ಹೌದು. ಅಂಗಹೀನ ಅಂತಲೇ ಆಗ್ತದಲ್ಲ. ಸರಿ."

ಒಳಗೆ ಬಂದು ನಿಂತರು. "ಅಂಥದ್ದಕ್ಕೆ ಹಾಕಿದ್ರೆ ಫಲ ಇಲ್ಲಂತೆ ಡಾಕ್ಟ್ರೇ. ಇನ್ನು ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡಿ. ಇಂಜೆಕ್ಷನ್ ಕೊಟ್ಟು ಮುಗಿಸಿದ್ರೂ ನನ್ನ ಅಡ್ಡಿ ಇಲ್ಲ. ಪಾಪ, ಅದಕ್ಕೆ ಎಂತಕ್ಕೆ ಕಷ್ಟ?"

ನಾನು ಏನು ಹೇಳುತ್ತಿದ್ದೆನೋ ತಿಳಿಯದು. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೇಜಿನ ಆಚೆಯಿಂದ ಜಲಜ ಮಾತಾಡಿದರು. ಆ ಮನುಷ್ಯನ ಎದುರು ಅವರು ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ನಾಯಿ ನಂದು ಸೇಟ್."

"ನಿಂದೇ ಮಾರಾಯ್ತಿ, ಯಾರು ಬೇಡ ಅಂದದ್ದು?"

"ಹಾಗಲ್ಲ. ಡಾಕ್ಟ್ರ ಎದುರು ಹೇಳಿ. ನಾಯಿ ಜಲಜಂದು ಅಂತ ಹೇಳಿ."

ರಘುರಾಮ ನನ್ನನ್ನು ನೋಡಿದರು, ಸರ್ಜನ್‌ರನ್ನು ನೋಡಿದರು. "ನಾಯಿ ಜಲಜಂದು" ಎಂದರು. ಮತ್ತೆ, "ಖೋಲಿಯ ಒಳಗೆ ಇಟ್ಕೊ. ಹಿತ್ತಲಲ್ಲಿ ಬೇಡ. ಗಿರಾಕಿಗಳು ನೋಡ್ತಾರೆ" ಎಂದು ಸೇರಿಸಿದರು.

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಜಲಜ ಹೆಬ್ಬೆಟ್ಟು ಒತ್ತಿದರು. ಕಾಲನ್ನು ತೊಡೆಯಿಂದಲೇ ತೆಗೆಯಲಾಯಿತು. ಅರ್ಧ ಉಳಿಸಿದರೆ ಆ ತುಂಡನ್ನು ನೆಲಕ್ಕೆ ಊರಿ ನಾಯಿ ಮತ್ತೆ ಗಾಯ ಮಾಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ನಾನೂ ನಿಂತಿದ್ದೆ. ಎಚ್ಚರವಾಗುವ ಮೊದಲೇ ಹೊಸ ಕಾಲರ್ ಕಟ್ಟಿದೆವು.

ಮುಂದಿನದ್ದನ್ನು ಕಾಲು ಉಳಿಸಲಾಗದ ಒಬ್ಬ ವೈದ್ಯೆಯ ಸಿಟ್ಟಿನಿಂದಲೇ ಹೇಳಬೇಕಾಗಿದೆ. ಆ ದೊಡ್ಡ ಗಾಯ, ತೊಡೆಯ ಸ್ನಾಯುಗಳನ್ನೆಲ್ಲ ಕತ್ತರಿಸಿ ಹೊಲಿದ ಗಾಯ, ಒಂದು ಹನಿ ಕೀವೂ ಇಲ್ಲದೆ ಮಾಯಿತು. ಹೊಲಿಗೆ ಬಿಚ್ಚುವಾಗ ಚರ್ಮ ಗೆರೆ ಎಳೆದಂತೆ ಕೂಡಿಕೊಂಡಿತ್ತು. ಅದೇ ನಾಯಿ, ಅದೇ ಔಷಧಿ, ಅದೇ ಮಳೆಗಾಲ. ವ್ಯತ್ಯಾಸ ಒಂದೇ: ಕಾಲರನ್ನು ಯಾರೂ ತೆಗೆಯಲಿಲ್ಲ. ಆ ಚಿಕ್ಕ ಗಾಯಕ್ಕೂ ಬೇಕಾಗಿದ್ದದ್ದು ಅಷ್ಟೇ. ಅವನಿಗೆ ಚಪಾತಿ ಹಾಕಿ ಕೈಮುಗಿದವರಲ್ಲಿ ಒಬ್ಬರೂ ಅವನ ಕಾಲು ಏನಾಯಿತೆಂದು ಕೇಳಲು ಬರಲಿಲ್ಲ. ಅವರು ಅವನಿಗೆ ಹಾಕಿದ್ದೇ ಅಲ್ಲ. ಅವನ ಮೂಲಕ ತಮ್ಮ ಭಯಕ್ಕೆ ಹಾಕಿದ್ದು.

ಸದಾನಂದ ಹೊಲಿಗೆ ಬಿಚ್ಚಿದ ದಿನ ಕರಿಯನಿಗೆ ಹೇಳಿದರು: "ಬಾ ಸಾಹೇಬ. ನಿನ್ನ ಶನಿ ಬಿಟ್ಟಿತು ನೋಡು." ಜಲಜ ನಗುತ್ತ ಕಣ್ಣೊರೆಸಿಕೊಂಡರು. ಕರಿಯ ಮೂರು ಕಾಲಿನಲ್ಲಿ ಒಂದು ಸಲ ತೂರಾಡಿ, ನೇರವಾಗಿ ಬಾಗಿಲಿನತ್ತ ಓಡಿದ. ಮೂರು ಕಾಲಿನ ನಾಯಿಗಳು ಓಡುವುದು ನೋಡದವರಿಗೆ ನಂಬಿಕೆ ಬರುವುದಿಲ್ಲ. ಅವಕ್ಕೆ ಹೋದ ಕಾಲಿನ ಚಿಂತೆ ಇರುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ರಘುರಾಮ ಮತ್ತೆ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಎರಡು ಮೂರು ತಿಂಗಳ ಕಪ್ಪು ಮರಿ. ಮುಖ ಊದಿತ್ತು. ಎದೆಯ ಮೇಲೆ ಕೂದಲು ಉದುರಿ ಕೆಂಪು ಹುಣ್ಣಾಗಿತ್ತು. ಮರಿ ಎದೆಗೆ ತಲೆ ಬಗ್ಗಿಸಿ ಅದನ್ನು ನೆಕ್ಕಲು ಒದ್ದಾಡುತ್ತಿತ್ತು.

ಹುಣ್ಣಿನ ಅಂಚಿನ ಚರ್ಮಕ್ಕೆ ಅಸಹಜವಾದ ಕಪ್ಪು ಬಣ್ಣ ಅಂಟಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅಲ್ಲೇ ಪಕ್ಕದ ಕೂದಲಿನ ಮೇಲೆ ಎಳೆದೆ. ಹತ್ತಿ ಕಪ್ಪಾಯಿತು. ಬುಡದಲ್ಲಿ ಹೊಸದಾಗಿ ಬರುತ್ತಿದ್ದ ಕೂದಲು ಬಿಳಿ.

"ಹೇರ್ ಡೈ ಹಚ್ಚಿದ್ದೀರಾ?"

"ಸ್ವಲ್ಪ. ಎದೆಯಲ್ಲಿ ಒಂದು ಬಿಳಿ ಮಚ್ಚೆ ಇತ್ತು, ರೂಪಾಯಿಯಷ್ಟು. ಅದಕ್ಕೆ ಮಾತ್ರ. ನಾನೇ ತಲೆಗೆ ಹಚ್ಕೊಳ್ಳುವ ಒಳ್ಳೆ ಕಂಪನಿದು."

ಡೈಯಲ್ಲಿರುವ ರಾಸಾಯನಿಕ ಮರಿಯ ಚರ್ಮವನ್ನು ಸುಟ್ಟಿತ್ತು. ಅದನ್ನು ನೆಕ್ಕಿದ್ದರಿಂದ ಮುಖ, ಗಂಟಲು ಊದಿದ್ದವು. ಇನ್ನಷ್ಟು ನೆಕ್ಕಿದ್ದರೆ ಉಸಿರು ಕಟ್ಟುತ್ತಿತ್ತು. ಚುಚ್ಚುಮದ್ದು ಕೊಟ್ಟೆ. ಎದೆಯನ್ನು ತೊಳೆದು ಮುಲಾಮು ಹಚ್ಚಿದೆ. ಸದಾನಂದ ಎಲ್ಲಕ್ಕಿಂತ ಚಿಕ್ಕ ಕಾಲರ್ ತಂದು ಚಪ್ಪಟೆ ಗಂಟು ಹಾಕಿದರು. ಇಡೀ ಹೊತ್ತು ರಘುರಾಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಡಾಕ್ಟ್ರೇ, ಶನಿವಾರಕ್ಕೆ ಇದನ್ನು ತೆಗೀಬಹುದಲ್ಲಾ?"

ನಾನು ಮರಿಯನ್ನು ಎತ್ತಿ ಹಿಂದಿನ ಕೋಣೆಗೆ ಹೋಗಿ ಪಂಜರದಲ್ಲಿಟ್ಟು ಬಾಗಿಲಿಗೆ ಚಿಲಕ ಹಾಕಿ ಬಂದೆ. ಕೈ ತೊಳೆದೆ. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು ಎಂದು ಮೊದಲೇ ಬರೆದಿದ್ದೇನೆ. ನಾನು ಕಿರುಚಲಿಲ್ಲ. ಕಿರುಚಬೇಕಿತ್ತು ಎಂದು ಸದಾನಂದ ಕೊನೆಯವರೆಗೂ ಹೇಳುತ್ತಿದ್ದರು.

"ಇದು ಇಲ್ಲೇ ಇರಲಿ" ಎಂದೆ. "ಎದೆಯಲ್ಲಿ ಬಿಳಿ ಕೂದಲು ಚೆನ್ನಾಗಿ ಬಂದ ಮೇಲೆ ಬಂದು ಕರೆದುಕೊಂಡು ಹೋಗಿ."

ಅವರು ಖಾಲಿ ಬುಟ್ಟಿ ಎತ್ತಿಕೊಂಡರು. ಬಿಳಿ ಕೂದಲು ಚೆನ್ನಾಗಿಯೇ ಬಂತು, ರೂಪಾಯಿಗಿಂತ ಸ್ವಲ್ಪ ದೊಡ್ಡದಾಗಿ. ಅವರು ಬರಲಿಲ್ಲ. ಮರಿ ಸದಾನಂದರ ಮನೆಗೆ ಹೋಯಿತು.

ನಮ್ಮ ಕಾಲೇಜಿನಲ್ಲಿ ಗಾಯವನ್ನು ನೋಡುವುದು ಹೇಗೆಂದು ಕಲಿಸಿದ್ದರು: ಉದ್ದ, ಆಳ, ಬಣ್ಣ, ವಾಸನೆ. ಆ ವರ್ಷದ ನಂತರ ನಾನು ಮೇಜಿನ ಮೇಲೆ ಬಂದ ಪ್ರತಿಯೊಂದು ನಾಯಿಯ ಜೊತೆಯವರಿಗೂ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: "ಇವನಿಗೆ ಯಾರು ಯಾರು ಊಟ ಹಾಕುತ್ತಾರೆ, ಯಾಕೆ ಹಾಕುತ್ತಾರೆ?" ಹಲವರು ನಕ್ಕರು. ಊಟ ಹಾಕುವುದಕ್ಕೂ ಕಾರಣ ಬೇಕೇ ಡಾಕ್ಟ್ರೇ ಎಂದರು. ನಾನು ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಿದ್ದೆ. ಉತ್ತರ ಬಂದ ಮೇಲೆಯೇ ಕಾಲರ್ ಕಟ್ಟುತ್ತಿದ್ದೆ.